ದಾಕ್ಷಿಯ ಬೆನ್ನ ಮೇಲೊಂದು ಕಿವಿ

ನಾನು ಒಂದು ರೆಕಾರ್ಡರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವನು, ಅಷ್ಟೇ. ಗಾತ್ರ ನೋಡಿ ಮೂಗು ಮುರಿಯಬೇಡಿ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನನ್ನು ಜೋಡಿಸಿ, ಪಕ್ಕದಲ್ಲಿ ಒಮ್ಮೆ ಚಿಟಿಕೆ ಹೊಡೆದು ನೋಡಿದಳು. ನಾನು ಕೇಳಿಸಿಕೊಂಡ ಮೊದಲ ದನಿ ಅದು. ಪಾಸಾದೆ.

ಮೊದಲ ಯಜಮಾನರು ಗದಗಿನ ಒಬ್ಬ ಸಂಗೀತ ಮೇಷ್ಟ್ರು. ಕಿಟಕಿ ಹಾಕಿ, ಫ್ಯಾನು ನಿಲ್ಲಿಸಿ, ಶಿಷ್ಯರ ಹಾಡು ನನ್ನಲ್ಲಿ ಹಿಡಿಯುತ್ತಿದ್ದರು. ಹಾಡುವವರು ಎಲ್ಲಿ ಉಸಿರು ಕದಿಯುತ್ತಾರೆ ಅನ್ನುವುದನ್ನು ನಾನು ಕಲಿತದ್ದು ಅಲ್ಲೇ. ಸುಖವಾಗಿದ್ದೆ. ಮೇಷ್ಟ್ರ ಕೈಗೆ ಹೊಸ ಮೊಬೈಲ್ ಬಂತು ನೋಡಿ, ನನ್ನ ಋಣ ಮುಗಿಯಿತು. ಬಾದಾಮಿಯ ರಾಜೇಸಾಬ ನನ್ನನ್ನು ಕೊಂಡ.

ರಾಜೇಸಾಬ ಮದುವೆ ವಿಡಿಯೋ ತೆಗೆಯುವವನು. ಮನುಷ್ಯ ಬಂಗಾರದಂಥವನು, ಆದರೆ ದನಿಯೆಂದರೆ ಅವನಿಗೆ ಕಸ. ಮದುವೆಯ ಗದ್ದಲ, ಮಂತ್ರ, ಬೀಗರ ಜಗಳ ಎಲ್ಲವನ್ನೂ ಒರೆಸಿ ಹಾಕಿ ಮೇಲೆ ಸಿನಿಮಾ ಹಾಡು ಹೊದಿಸಿಬಿಡುತ್ತಿದ್ದ. ಆ ಕಸುಬಿನವರೆಲ್ಲ ಹಾಗೇ ಮಾಡುತ್ತಾರಂತೆ. ಹಾಗಾದರೆ ನನ್ನನ್ನು ಯಾಕೆ ಕೊಂಡನೋ, ಅವನ ದೇವರಿಗೇ ಗೊತ್ತು. ತುಂಡು ವಯರುಗಳ ಜೊತೆ ಚೀಲದ ತಳದಲ್ಲಿ ಬಿದ್ದಿದ್ದೆ. ಎಂಥ ಅವಮಾನ ಅಂತೀರಿ!

ಅವನ ಓಣಿಯಲ್ಲಿ ದಾಕ್ಷಾಯಣಿ ಅಂತ ಹುಡುಗಿ. ದಾಕ್ಷಿ ಅಂದರೆ ಎಲ್ಲರಿಗೂ ಗೊತ್ತು. ಬಾದಾಮಿಯ ಕೆಂಪು ಬಂಡೆಗಳನ್ನು ಬರಿಗೈಯಲ್ಲಿ ಏರುವವಳು. ಸೊಂಟಕ್ಕೊಂದು ಹಗ್ಗ ಇರುತ್ತದೆ. ಅದು ಬಂಡೆಯ ನೆತ್ತಿಯ ಕೊಂಡಿಯಿಂದ ಇಳಿದು ಕೆಳಗೆ ನಿಂತ ಗೆಳತಿ ಕಸ್ತೂರಿಯ ಕೈಯಲ್ಲಿರುತ್ತದೆ. ಜಾರಿದರೆ ಹಿಡಿಯುವುದಕ್ಕೆ ಮಾತ್ರ ಹಗ್ಗ, ಏರಿಸುವುದಕ್ಕಲ್ಲ. ಒಂದು ದಿನ ರಾಜೇಸಾಬ ಕೆರೆಯ ಈಚೆ ದಂಡೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ಆಚೆ ಬಂಡೆ ಏರುತ್ತಿದ್ದ ಅವಳನ್ನು ಜೂಮ್ ಮಾಡಿ ತೆಗೆದ. ಚಿತ್ರ ಚೆಂದ ಬಂತು. ದನಿ? ಗಾಳಿ, ಕೆರೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ, ಮತ್ತೆ ರಾಜೇಸಾಬನ ಸ್ವಂತ ಕೆಮ್ಮು. ಎಲ್ಲ ಒರೆಸಿ, ರೂಢಿಯಂತೆ ಒಂದು ಕುಣಿತದ ಹಾಡು ಹಾಕಿದ.

ಅದನ್ನು ದಾಕ್ಷಿಯ ಮನೆಯ ಟಿವಿಯಲ್ಲಿ ಓಣಿಯವರೆಲ್ಲ ನೋಡಿದರು. ಅವಳ ಮುತ್ಯಾ ಸಂಗಪ್ಪ ಹಳೇ ಪೈಲ್ವಾನ. ಮೊಮ್ಮಗಳಿಗೆ ಚಿಕ್ಕಂದಿನಿಂದ ಬಸ್ಕಿ ಹೊಡೆಸಿ, ಹಾಲು ಕುಡಿಸಿ ಬೆಳೆಸಿದವನು. ಹಾಡಿನ ತಾಳಕ್ಕೆ ಸರಸರ ಮೇಲೇರುವ ಹುಡುಗಿಯನ್ನೂ ಅವಳ ತಲೆಯ ಮೇಲಿನ ಬಿಗಿಯಾದ ಹಗ್ಗವನ್ನೂ ನೋಡಿ ಮುದುಕ ಮುಖ ಕಿವುಚಿದ.

"ಹಗ್ಗ ಕಟ್ಟಿ ಜಗ್ಗಿದ್ರ ನಮ್ಮ ಎಮ್ಮೀನೂ ಏರ್ತೈತಿ" ಅಂದ.

ಓಣಿ ಬಿದ್ದೂ ಬಿದ್ದೂ ನಕ್ಕಿತು. ಊರು ನಕ್ಕರೆ ದಾಕ್ಷಿ ತಲೆ ಕೆಡಿಸಿಕೊಳ್ಳುವವಳಲ್ಲ. ಮುತ್ಯಾನೇ ಅಂದನಲ್ಲ ಅನ್ನುವುದು ಅವಳನ್ನು ತಿಂದುಹಾಕಿತು. ಮರುದಿನ ರಾಜೇಸಾಬನ ಅಂಗಡಿಗೆ ಬಂದು ನಿಂತಳು.

"ಕಾಕಾ, ಇನ್ನೊಮ್ಮೆ ಏರ್ತೀನಿ. ಹಾಡು ಹಾಕಬ್ಯಾಡ್ರಿ. ಮ್ಯಾಲ ಏನ್ ಕೇಳಸ್ತೈತೋ ಅದನ್ನ ಮುತ್ಯಾಗ ಕೇಳಸ್ರಿ."

"ಅಷ್ಟು ದೂರಿಂದ ಕ್ಯಾಮೆರಾಕ್ಕ ನಿನ್ನ ದನಿ ಎಲ್ಲಿ ಸಿಗಬೇಕವಾ?" ಅಂದ ರಾಜೇಸಾಬ. ತಲೆ ಕೆರೆದುಕೊಂಡು ಚೀಲಕ್ಕೆ ಕೈ ಹಾಕಿದ. "ದನಿ ಇಲ್ಲೀತನ ಬರಂಗಿಲ್ಲಂದ್ರ, ಕಿವೀನ ಅಲ್ಲಿಗೆ ಕಳಸೋಣು."

ನಾನು ಬೆಳಕು ಕಂಡೆ.

ಸುಲಭ ಅಂದುಕೊಂಡಿರಾ? ಮೊದಲು ನನ್ನನ್ನು ಅವಳ ಎದೆಗೆ ಕಟ್ಟಿದರು. ಸೊಂಟದ ಕೊಂಡಿಗಳ ಠಣಠಣ, ಬಂಡೆಗೆ ಉಜ್ಜುವ ಅಂಗಿಯ ಪರಪರ, ಬೇರೇನೂ ಇಲ್ಲ. ಹೆಗಲಿಗೆ ಕಟ್ಟಿದರೆ ಜಡೆ ಬಂದು ಬಂದು ಕಪಾಳಕ್ಕೆ ಹೊಡೆಯಿತು. ಕೊನೆಗೆ ಜಡೆಯನ್ನು ತುರುಬು ಮಾಡಿಸಿ, ಬೆನ್ನ ಮೇಲೆ, ಕತ್ತಿನ ಸ್ವಲ್ಪ ಕೆಳಗೆ, ಹಳೇ ಓಢಣಿಯ ಪಟ್ಟಿಯಿಂದ ಬಿಗಿದರು. ಈಗ ಅವಳ ಉಸಿರು ಸಿಕ್ಕಿತು, ಆದರೆ ಬೆಟ್ಟದ ಗಾಳಿ ಬುಸುಗುಟ್ಟಿ ಎಲ್ಲ ನುಂಗಿತು. ಆಗ ರಾಜೇಸಾಬನ ಹೆಂಡತಿ ಮಾಬುಬಿ ತುಪ್ಪಳದಂಥ ಅರಿವೆಯಲ್ಲಿ ನನಗೊಂದು ಕುಂಚಿಗೆ ಹೊಲಿದಳು, ಎಳೆಗೂಸಿನ ತಲೆಗೆ ಹಾಕುತ್ತಾರಲ್ಲ, ಥೇಟ್ ಅಂಥದ್ದು. "ಥಂಡಿ ಆಗಬಾರ್ದ ನೋಡ್ರಿ ಕೂಸಿಗೆ" ಅಂತ ನಗಾಡಿದಳು. ನಗಲಿ. ಕುಂಚಿಗೆ ಹಾಕಿದ ಮೇಲೆ ಗಾಳಿ ನನ್ನ ಹತ್ತಿರ ಸುಳಿಯಲಿಲ್ಲ.

ಏರುವ ಮುಂಜಾನೆ ದಾಕ್ಷಿ ಹಿಡಿತ ಜಾರದಂತೆ ಕೈಗೆ ಬಿಳಿ ಪುಡಿ ಬಳಿದುಕೊಂಡು, ಕೆರೆಯ ಕಡೆ ತಿರುಗಿ ಜೋರಾಗಿ ಒಂದು ಚಪ್ಪಾಳೆ ತಟ್ಟಿದಳು. ಪುಡಿ ಹಾರಿದ್ದು ಆಚೆ ಕ್ಯಾಮೆರಾಕ್ಕೆ ಕಂಡಿತು, ಸಪ್ಪಳ ನನಗೆ ಕೇಳಿಸಿತು. ಆಮೇಲೆ ಚಿತ್ರಕ್ಕೆ ದನಿ ಕೂಡಿಸಲು ಅದೇ ಗುರುತು.

ಬೆರಳು ಕಲ್ಲನ್ನು ತಡವುವ ಸದ್ದು ಕೇಳಿದ್ದೀರಾ? ನಾನು ಕೇಳಿದ್ದೇನೆ. ಅರ್ಧ ಬಂಡೆಯ ಮೇಲೆ, ಹಿಡಿಯಲು ಉಗುರಿನಷ್ಟೂ ಅಂಚಿಲ್ಲದ ಕಡೆ ಅವಳು ನಿಂತುಬಿಟ್ಟಳು. ಕಾಲು ಗಡಗಡ ನಡುಗುವುದು ಬೆನ್ನಿನವರೆಗೂ ಬಂತು. ಕೆಳಗಿದ್ದ ಕಸ್ತೂರಿ ಹೆದರಿ ಹಗ್ಗ ಬಿಗಿದಳು. ಹಾಗೇ ಎಳೆದು ಏರಿಸಿದ್ದರೂ ದಾಕ್ಷಿ ಗೆದ್ದಂತೆಯೇ ಕಾಣುತ್ತಿತ್ತು. ದೂರದ ಕ್ಯಾಮೆರಾಕ್ಕೆ ಏನು ತಿಳಿಯುತ್ತೆ?

"ಕಸ್ತೂರಿ, ಹಗ್ಗ ಸಡ್ಲ ಬಿಡು. ಬಿದ್ರ ಬೀಳ್ತೀನಿ. ಜಗ್ಗಬ್ಯಾಡ."

ಹಗ್ಗ ಸಡಿಲಾಯಿತು. ದಾಕ್ಷಿ ಉದ್ದಕ್ಕೆ ಉಸಿರೆಳೆದು, ಹಲ್ಲು ಕಚ್ಚಿ, ಒಂದು ಹೂಂಕಾರದೊಡನೆ ಮೇಲಕ್ಕೆ ಹಾರಿ ಅಲ್ಲಿನ ಅಂಚು ಹಿಡಿದಳು. ನನ್ನ ಮೈಯೆಲ್ಲ ಜುಂ ಅಂದಿತು. ನಾನು ಹುಟ್ಟಿದ್ದೇ ಈ ಒಂದು ಸದ್ದಿಗೆ ಅನ್ನಿಸಿತು.

ಮತ್ತೆ ಅದೇ ಮನೆ, ಅದೇ ಟಿವಿ, ಅದೇ ಓಣಿ. ಹಾಡಿಲ್ಲದ್ದು ನೋಡಿ ಮೊದಲು ಕೆಲವರು ಕಿಸಕ್ಕನೆ ನಕ್ಕರು. ಉಸಿರು ಕೇಳತೊಡಗಿದಾಗ ಒಬ್ಬೊಬ್ಬರೇ ಟಿವಿಯ ಹತ್ತಿರ ಸರಿದು ಕೂತರು. ಸಂಗಪ್ಪ ಟಿವಿ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಕಿವಿಯನ್ನಷ್ಟೇ ಆ ಕಡೆ ಕೊಟ್ಟು ಕೂತಿದ್ದ. ಎಷ್ಟೋ ಕುಸ್ತಿಗಳಲ್ಲಿ ಎದುರಾಳಿಯ ಉಸಿರನ್ನು ಕೆನ್ನೆಯ ಮೇಲೇ ಕೇಳಿಸಿಕೊಂಡ ಮನುಷ್ಯ. ಹಗ್ಗದ ಮಾತು ಬಂತು. ಹೂಂಕಾರ ಬಂತು.

"ಜಗ್ಗಿಸಿಕೊಂಡವ್ರ ಉಸುರಲ್ಲ ಇದು" ಅಂದ. ಕಣ್ಣು ತೆರೆದು ಮೊಮ್ಮಗಳನ್ನು ಹುಡುಕಿದ. "ನನ್ನ ಮಾತು ತಪ್ಪಾತು, ತಾಯಿ."

ದಾಕ್ಷಿ ಎದ್ದು ಒಳಗೆ ಹೋದಳು. ಅಳುವುದಕ್ಕೆ ಹೋದಳು, ನನಗೆ ಕೇಳಿಸಿತು.

ಆಮೇಲೆ ರಾಜೇಸಾಬ ಹೊಸ ರೆಕಾರ್ಡರ್ ತಂದ. ಮದುವೆಗಳಲ್ಲೂ ಈಗ ದನಿ ಒರೆಸುವುದಿಲ್ಲ, ಬೀಗರ ಜಗಳ ಸಮೇತ ಇಡುತ್ತಾನೆ. ನನಗೆ ವಯಸ್ಸಾಯಿತು. ಹೊಸ ದನಿ ಹಿಡಿಯುವ ತ್ರಾಣ ಹೋಗಿದೆ, ಹಿಡಿದದ್ದನ್ನು ಕೇಳಿಸುತ್ತೇನೆ, ಅಷ್ಟೇ. ದಾಕ್ಷಿ ದೂರದ ಬೆಟ್ಟಗಳಿಗೆ ಹೋಗುತ್ತಾಳೆ. ನಾನು ಸಂಗಪ್ಪನ ಹಾಸಿಗೆಯ ಪಕ್ಕದ ಗೂಡಿನಲ್ಲಿದ್ದೇನೆ. ಮುದುಕ ಎದ್ದು ಓಡಾಡಲಾರ. ಮಾತಾಡಿಸಲು ಯಾರೇ ಬರಲಿ, ಚಹಾ ಆಮೇಲೆ, ಮೊದಲು ನನ್ನ ಗುಂಡಿ ಒತ್ತುತ್ತಾನೆ. "ನನ್ನ ಮೊಮ್ಮಗಳು, ಕೇಳ್ರಿ" ಅನ್ನುತ್ತಾನೆ. "ಜಗ್ಗಬ್ಯಾಡ" ಅನ್ನುವ ಮಾತು ಬರುತ್ತಲೇ, ಮಲಗಿದ್ದಲ್ಲೇ ಕೈಯೆತ್ತಿ, ಅಖಾಡಕ್ಕೆ ಇಳಿದವನ ಹಾಗೆ ತೊಡೆ ತಟ್ಟುತ್ತಾನೆ. ಬಡಕಲು ತೊಡೆ, ಆದರೆ ಎಂಥ ಸಪ್ಪಳ! ಅದನ್ನೊಂದು ಹಿಡಿದಿಟ್ಟು ದಾಕ್ಷಿಗೆ ಕೇಳಿಸಬೇಕೆಂದು ದಿನಾ ಪ್ರಯತ್ನಿಸುತ್ತೇನೆ. ಆಗುವುದಿಲ್ಲ.