ತಂಗಿಯ ಹೆಸರಿನಲ್ಲಿ ಕೂತ ಪರೀಕ್ಷೆ

ಪುಟ್ಟಿಗೆ ಅರವತ್ತಾರು ವರ್ಷ. ಆ ವಯಸ್ಸಿನಲ್ಲೂ ಒಬ್ಬಳು ಪುಟ್ಟಿ ಎನ್ನಿಸಿಕೊಳ್ಳಬೇಕಾದರೆ ಅವಳಿಗಿಂತ ದೊಡ್ಡವರೊಬ್ಬರು ಗಟ್ಟಿಯಾಗಿ ಬದುಕಿರಬೇಕು. ಅವಳ ಅಕ್ಕ ಹಾಗೆ ಬದುಕಿದ್ದಳು. ಅಕ್ಕ ಎಂದರೆ ವರ್ಷಗಟ್ಟಲೆ ದೊಡ್ಡವಳೇನಲ್ಲ. ಇಬ್ಬರೂ ಅವಳಿ, ಅಕ್ಕ ಕಾಲು ಗಂಟೆ ಮೊದಲು ಹುಟ್ಟಿದ್ದಳು, ಅಷ್ಟೇ. ಆ ಕಾಲು ಗಂಟೆಯ ಹಿರಿತನವನ್ನು ಅವಳು ಜೀವಮಾನವಿಡೀ ಚಲಾಯಿಸಿದಳು.

ಮುಖ, ಮೂಗು, ನಗುವಾಗ ಒಂದು ಕಣ್ಣು ಸಣ್ಣದಾಗುವ ಬಗೆ, ಎಲ್ಲ ಒಂದೇ ಅಚ್ಚು. ಹೆತ್ತ ತಾಯಿಯೇ ಒಬ್ಬಳಿಗೆ ಎರಡು ಸಲ ಊಟ ಹಾಕಿ ಇನ್ನೊಬ್ಬಳನ್ನು ಹಸಿವಿನಲ್ಲೇ ಮಲಗಿಸಿದ್ದುಂಟು. ಸ್ವಭಾವ ಮಾತ್ರ ಬೇರೆ. ಅಕ್ಕನಿಗೆ ಲೆಕ್ಕವೆಂದರೆ ಪ್ರಾಣ, ಪುಟ್ಟಿಗೆ ಪ್ರಾಣಸಂಕಟ. ದಿನಾ ಸಂಜೆ ಅಕ್ಕ ಕೈಕಟ್ಟಿ ನಿಂತು "ಹೂಂ, ಒಪ್ಪಿಸು" ಎನ್ನುತ್ತಿದ್ದಳು, ಪುಟ್ಟಿ ಮಗ್ಗಿ ಒಪ್ಪಿಸುತ್ತಾ ಹದಿಮೂರರ ಹತ್ತಿರ ಎಡವುತ್ತಿದ್ದಳು. ಏಳನೇ ತರಗತಿಯ ಲೆಕ್ಕದ ಪರೀಕ್ಷೆಗೆ ತಂಗಿಯನ್ನು ತನ್ನ ಜಾಗದಲ್ಲಿ ಕೂರಿಸಿ, ಅಕ್ಕನೇ ತಂಗಿಯ ಜಾಗದಲ್ಲಿ ಕೂತು ಬರೆದಳು. ಬರೆದವಳು ಸುಮ್ಮನೆ ಪಾಸಾಗುವಷ್ಟು ಬರೆಯಬಾರದೇ? ತೊಂಬತ್ತೆಂಟು ತಂದಳು. ಮೇಷ್ಟರು ಪುಟ್ಟಿಯನ್ನು ಹಲಗೆಯ ಮುಂದೆ ನಿಲ್ಲಿಸಿ ಒಂದು ಲೆಕ್ಕ ಕೊಟ್ಟರು, ಅಲ್ಲಿಗೆ ಬಂಡವಾಳ ಬಯಲಾಯಿತು.

ಮುಂದೆ ಅಕ್ಕ ಲೆಕ್ಕದ ಮೇಡಂ ಆದಳು. ಪುಟ್ಟಿ ಬೇಕರಿಯವನನ್ನು ಮದುವೆಯಾಗಿ, ಅವನು ತೀರಿಕೊಂಡ ಮೇಲೆ ಓವನ್ನನ್ನೂ ಗಲ್ಲಾಪೆಟ್ಟಿಗೆಯನ್ನೂ ತಾನೇ ನೋಡಿಕೊಂಡಳು. ಊರು ಮಲಗಿದಾಗ ಎದ್ದು ಹಿಟ್ಟು ನಾದುವುದು, ಬೆಳಗಾದ ಮೇಲೆ ಬ್ರೆಡ್ಡಿಗೆ ಬಂದವರ ಜೊತೆ ಸಂಜೆಯವರೆಗೆ ಹರಟುವುದು, ಇಷ್ಟೇ ಅವಳ ದಿನಚರಿ.

ಆಸ್ಪತ್ರೆಯ ನೆನಪಿನ ವಿಭಾಗದವರು ಅವಳಿಗಳನ್ನು ಹುಡುಕುತ್ತಿದ್ದಾರೆ ಎಂದು ಸುದ್ದಿ ತಂದವಳು ಅಕ್ಕನೇ. ವರ್ಷಕ್ಕೊಮ್ಮೆ ಹೋಗಬೇಕು, ರಕ್ತ ಕೊಡಬೇಕು, ನೆನಪಿನ ಪರೀಕ್ಷೆಗೆ ಕೂರಬೇಕು. ಅಲ್ಲಿನ ಡಾಕ್ಟರಮ್ಮ ಮೊದಲ ದಿನವೇ ಬಿಡಿಸಿ ಹೇಳಿದ್ದರು. "ಮರೆವಿನ ಕಾಯಿಲೆ ಒಂದೇ ದಿನಕ್ಕೆ ಬರೋದಲ್ಲ. ಹೊರಗೆ ಗೊತ್ತಾಗೋಕೆ ಎಷ್ಟೋ ವರ್ಷ ಮೊದಲೇ ಮೆದುಳಲ್ಲಿ ಶುರುವಾಗಿರುತ್ತೆ. ಅದರ ಸುಳಿವು ಈಗ ರಕ್ತದಲ್ಲೇ ಸಿಗುತ್ತೆ, ಕೆಲವು ಪ್ರೋಟೀನುಗಳ ರೂಪದಲ್ಲಿ. ಅದರಲ್ಲಿ ಹುಟ್ಟಿನಿಂದ ಬಂದಿದ್ದೆಷ್ಟು, ಬದುಕಿದ ರೀತಿಯಿಂದ ಬಂದಿದ್ದೆಷ್ಟು ಅನ್ನೋದು ನಮ್ಮ ಪ್ರಶ್ನೆ. ನಿಮ್ಮಿಬ್ಬರದೂ ಬೀಜ ಒಂದೇ, ಬೆಳೆದ ಮಣ್ಣು ಬೇರೆ. ನಿಮ್ಮಂಥವರು ಸಿಕ್ಕರೆ ನಮಗೆ ಹಬ್ಬ."

"ಮಣ್ಣಲ್ಲ ಡಾಕ್ಟ್ರೇ, ಇವಳದು ಮೈದಾ," ಎಂದಿದ್ದಳು ಅಕ್ಕ.

ಮೊದಲ ವರ್ಷಗಳಲ್ಲಿ ಎಲ್ಲ ಸರಾಗವಾಗಿ ನಡೆಯಿತು. ಈ ವರ್ಷ ಪುಟ್ಟಿಯ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಒಂದು ದಿನ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಳು. ಇನ್ನೊಂದು ದಿನ ಬನ್ನುಗಳನ್ನು ಓವನ್ನಿಗಿಟ್ಟು ಅಲ್ಲೇ ಸ್ಟೂಲಿನ ಮೇಲೆ ನಿದ್ದೆಹೋದಳು. ಅಕ್ಕಪಕ್ಕದ ಅಂಗಡಿಯವರು ಹೊಗೆ ನೋಡಿ ಓಡಿಬಂದರು. ಮಗಳು ಅಂದೇ ಗೆರೆ ಎಳೆದಳು. "ನೋಡಮ್ಮಾ, ಈ ಸಲದ ಪರೀಕ್ಷೆ ಚೆನ್ನಾಗಿ ಬರ್ಲಿಲ್ಲ ಅಂದ್ರೆ ಬೇಕರಿ ಕೀಲಿ ನನ್ನ ಕೈಗೆ ಕೊಡ್ಬೇಕು. ಬೆಂಕಿ ಜೊತೆ ಆಟ ಬೇಡ."

ಮಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಓವನ್ ಇಲ್ಲದ ಬೆಳಗನ್ನು ಪುಟ್ಟಿಗೆ ಊಹಿಸಲೂ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಹತ್ತಿ ಒತ್ತಿ ಹಿಡಿದುಕೊಂಡು ಕಾರಿಡಾರಿನಲ್ಲಿ ಕೂತಾಗ ಅವಳು ಅಕ್ಕನ ಮುಂದೆ ಅತ್ತೇಬಿಟ್ಟಳು.

ಅಕ್ಕ ಅತ್ತಿತ್ತ ನೋಡಿದಳು. ಆಮೇಲೆ ತಂಗಿಯ ಮೊಣಕೈ ಹಿಡಿದು ಹೆಂಗಸರ ಬಾತ್‌ರೂಮಿಗೆ ಎಳೆದುಕೊಂಡು ಹೋದಳು. "ನಿನ್ನ ಸ್ವೆಟರ್ ಕೊಡು. ಕೊರಳಲ್ಲಿರೋ ಕಾರ್ಡೂ ಕೊಡು."

"ಅಕ್ಕಾ, ಬೇಡ. ನಿನ್ನ ಹೆಸರಲ್ಲಿ ನಾನು ಕೂತ್ರೆ ನಿನ್ನ ಮಾನ ಹೋಗುತ್ತೆ."

"ಹೋಗ್ಲಿ ಬಿಡೇ. ನಾನು ಪೆನ್ಶನ್ ತಗೊಳ್ಳೋಳು. ನನ್ನ ಕೈಯಿಂದ ಕಿತ್ಕೊಳ್ಳೋಕೆ ಯಾವ ಕೀಲಿ ಇದೆ?"

ಕಾರ್ಡು ಬದಲಾಯಿತು, ಸ್ವೆಟರ್ ಬದಲಾಯಿತು. ಪುಟ್ಟಿ ಕಣ್ಣೊರೆಸಿಕೊಂಡು, "ಹಿಂದಿನ ಸಲದ ಹಾಗೆ ತೊಂಬತ್ತೆಂಟು ತರ್ಬೇಡ ಮಾರಾಯ್ತಿ. ಅಲ್ಲೊಂದು ಇಲ್ಲೊಂದು ತಪ್ಪು ಮಾಡು," ಎಂದಳು. ಇಬ್ಬರೂ ಕನ್ನಡಿಯ ಮುಂದೆ ಶಾಲೆಯ ಹುಡುಗಿಯರಂತೆ ನಕ್ಕರು. ಆ ನಗುವಿನಲ್ಲಿ ಪುಟ್ಟಿಯ ಭಯ ಅರ್ಧ ಇಳಿಯಿತು.

ಫಲಿತಾಂಶ ಹೇಳಲು ಡಾಕ್ಟರಮ್ಮ ಕರೆಸಿದಾಗ ಮಗಳೂ ಜೊತೆಗೆ ಬಂದಳು. ಮೂವರೂ ಮೇಜಿನ ಈಚೆ ಸಾಲಾಗಿ ಕೂತರು. ಡಾಕ್ಟರಮ್ಮನ ಹಣೆ ಗಂಟಿಕ್ಕಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಪುಟ್ಟಿ. ಕೊರಳಲ್ಲಿ ತನ್ನದೇ ಕಾರ್ಡು ಇದೆಯೇ ಎಂದು ಮೆಲ್ಲಗೆ ನೋಡಿಕೊಂಡಳು.

"ನಿಜ ಹೇಳ್ಬೇಕು ಅಂದ್ರೆ ನನಗೇ ಅರ್ಥ ಆಗ್ತಿಲ್ಲ," ಎಂದರು ಡಾಕ್ಟರಮ್ಮ. "ರಕ್ತದಲ್ಲಿ ಪ್ರೋಟೀನ್ ಏರಿರೋದು ದೊಡ್ಡವರದ್ದು. ಆದರೆ ಅವರ ನೆನಪಿನ ಪರೀಕ್ಷೆ ಚೆನ್ನಾಗೇ ಇದೆ. ಚಿಕ್ಕವರ ರಕ್ತ ಸರಿಯಾಗಿದೆ, ಪರೀಕ್ಷೆ ಮಾತ್ರ ಹೋದ ವರ್ಷಕ್ಕಿಂತ ತುಂಬಾ ಕೆಳಗಿಳಿದಿದೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಿದೆ. ಒಬ್ಬರ ರಕ್ತಕ್ಕೂ ಅವರ ಪರೀಕ್ಷೆಗೂ ಯಾವಾಗಲೂ ತಾಳೆ ಆಗ್ಬೇಕು ಅಂತೇನಿಲ್ಲ. ಆದ್ರೂ..." ಅವರು ಪುಟ್ಟಿಯ ಕಡೆ ತಿರುಗಿದರು. "ಸದ್ಯಕ್ಕೆ ನಿಮ್ಮನ್ನೇ ಮೊದಲು ಹಿಡೀಬೇಕು. ಸ್ಕ್ಯಾನ್ ಮಾಡ್ಸೋಣ. ಬೇಗ ಗೊತ್ತಾದಷ್ಟೂ ಮಾಡೋಕೆ ದಾರಿ ಇರುತ್ತೆ."

ಮಗಳ ಕೈ ಅಮ್ಮನ ಹೆಗಲ ಮೇಲೆ ಬಂತು. ಬೇಕರಿಯ ಕೀಲಿ ಅಲ್ಲಿಗೆ ಹೋಯಿತು. ಆದರೆ ಪುಟ್ಟಿಗೆ ಕೀಲಿಯ ನೆನಪೇ ಬರಲಿಲ್ಲ. ಅವಳು ಅಕ್ಕನನ್ನೇ ನೋಡುತ್ತಿದ್ದಳು. ಈ ಅಕ್ಕ, ತಪ್ಪು ಮಾಡು ಎಂದರೆ ಅದರಲ್ಲೂ ತೊಂಬತ್ತೆಂಟು ತೆಗೆದುಕೊಳ್ಳುವವಳು, ನಟನೆಯನ್ನು ಅತಿ ಮಾಡಿರಬೇಕು. ಹಾಗೇ ಆಗಿರಲಿ ದೇವರೇ ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಮಗಳು ಸ್ಕ್ಯಾನಿನ ದಿನ ಗೊತ್ತುಮಾಡಲು ಕೌಂಟರಿಗೆ ಹೋದಳು. ಕಾರಿಡಾರಿನ ಬೆಂಚಿನ ಮೇಲೆ ಅಕ್ಕತಂಗಿ ಇಬ್ಬರೇ ಉಳಿದರು.

"ಸ್ವಲ್ಪ ತಪ್ಪು ಮಾಡು ಅಂದ್ರೆ ಪೂರ್ತಿ ಮುಳುಗಿಸಿಬಿಟ್ಯಲ್ಲೇ," ಎಂದಳು ಪುಟ್ಟಿ, ಧ್ವನಿಯಲ್ಲಿ ನಗು ತಂದುಕೊಂಡು. "ಎಷ್ಟು ನಟಿಸಿದ್ಯೇ ಅಕ್ಕಾ?"

"ಏನು ನಟನೆ?" ಎಂದಳು ಅಕ್ಕ.

ಆ ಕಣ್ಣುಗಳಲ್ಲಿ ಕೀಟಲೆ ಇರಲಿಲ್ಲ. ಕನ್ನಡಿಯ ಮುಂದೆ ಸಣ್ಣದಾಗಿದ್ದ ಆ ಕಣ್ಣು ಈಗ ದೊಡ್ಡದಾಗಿ, ಸ್ವಚ್ಛವಾಗಿ, ತುಂಬಾ ಮರುಕದಿಂದ ಅವಳನ್ನು ನೋಡುತ್ತಿತ್ತು. ಅಕ್ಕ ತಂಗಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸವರಿದಳು.

"ಹೆದರ್ಬೇಡ ಪುಟ್ಟೀ. ನಾನಿಲ್ವಾ? ನಿನಗೆ ಏನು ಮರೆತುಹೋಗುತ್ತೋ ಅದನ್ನೆಲ್ಲ ನಾನು ನೆನಪಿಟ್ಕೋತೀನಿ."

ಪುಟ್ಟಿಯ ಕಣ್ಣ ಮುಂದೆ ಹಿಂದಿನ ವರ್ಷವೆಲ್ಲ ಒಂದೊಂದಾಗಿ ಎದ್ದುಬಂತು. ಒಂದೇ ಕಥೆಯನ್ನು ಅಕ್ಕ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದು, ಭಾವ ತೀರಿಕೊಂಡ ಮೇಲೆ ಟಿವಿಯೊಂದೇ ಜೊತೆ ಎಂಬಂತೆ ಮನೆ ಸೇರಿದ್ದು, ಕಿವಿ ಮಂದವಾದರೂ ಯಂತ್ರ ಬೇಡವೆಂದು ಹಟ ಹಿಡಿದು ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದು. ಎಲ್ಲರೂ ಬೇಕರಿಯವಳನ್ನೇ ಗಮನಿಸುತ್ತಿದ್ದರು; ನಿದ್ದೆಗೆಟ್ಟವಳು, ಕಡಿಮೆ ಓದಿದವಳು, ಉಪ್ಪು ಮರೆತವಳು. ಲೆಕ್ಕದ ಮೇಡಂ ಮೇಲೆ ಯಾರ ಕಣ್ಣೂ ಇರಲಿಲ್ಲ. ತನ್ನದು ಬರೀ ನಿದ್ದೆಗೇಡು. ಕಾಯಿಲೆ ಕಾಲು ಗಂಟೆ ಮೊದಲು ಹುಟ್ಟಿದವಳನ್ನು ಹಿಡಿದಿತ್ತು.

ಸುಮ್ಮನಿದ್ದುಬಿಡಲೇ? ಈ ಯೋಚನೆ ಪುಟ್ಟಿಗೆ ನಿಜವಾಗಿ ಬಂತು, ಬಂದು ಸ್ವಲ್ಪ ಹೊತ್ತು ಕೂತೂ ಕೂತಿತು. ಅಕ್ಕನ ಹೆಸರಿನ ಮುಂದೆ ಒಳ್ಳೆಯ ಅಂಕವಿದೆ. ರೋಗದ ಹೆಸರು ತನ್ನ ಮೇಲೇ ಇರಲಿ, ಕೀಲಿ ಹೋದರೆ ಹೋಗಲಿ. ಅಕ್ಕ ಹೀಗೇ ತಂಗಿಯ ಕೈ ಸವರುತ್ತಾ ದೊಡ್ಡವಳಾಗಿ ಇರಲಿ. ಏಳನೇ ತರಗತಿಯ ಸಾಲ ಹೀಗಾದರೂ ತೀರೀತು. ಆದರೆ ಬೇಗ ಗೊತ್ತಾದಷ್ಟೂ ದಾರಿ ಇರುತ್ತೆ ಎಂದಿದ್ದರು ಡಾಕ್ಟರಮ್ಮ. ಆ ದಾರಿ ಈಗ ತಪ್ಪು ಮನೆಯ ಬಾಗಿಲಿಗೆ ಹೋಗಿ ನಿಂತಿತ್ತು. ಪ್ರೀತಿಯಿಂದ ಸುಮ್ಮನಿದ್ದರೂ ಅಕ್ಕನ ದಿನಗಳನ್ನು ಕದ್ದಂತೆಯೇ.

"ಅಕ್ಕಾ, ನನ್ನ ಕಡೆ ನೋಡು. ಅವತ್ತು ಬಾತ್‌ರೂಮಲ್ಲಿ ನಾವು ಕಾರ್ಡು ಬದಲಾಯಿಸಿಕೊಂಡ್ವಿ."

"ಯಾವತ್ತು?"

ಪುಟ್ಟಿ ಹೇಳಿದಳು. ರಕ್ತ ಕೊಟ್ಟಿದ್ದು, ತಾನು ಅತ್ತಿದ್ದು, ಸ್ವೆಟರ್, ಕನ್ನಡಿ, ನಗು, ಒಂದನ್ನೂ ಬಿಡದೆ ಹೇಳಿದಳು. ಅಕ್ಕ ಕೇಳುತ್ತಾ ಹೋದಳು. ಇಲ್ಲವೆಂದು ವಾದಿಸಲಿಲ್ಲ, ಅಳಲಿಲ್ಲ. ಲೆಕ್ಕ ಬಿಡಿಸುವಾಗ ತುಟಿ ಕಚ್ಚುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದಲೂ ಇತ್ತು, ಈಗಲೂ ಕಚ್ಚಿದಳು.

"ಅಂದ್ರೆ ನಿನ್ನ ಹೆಸರಲ್ಲಿ ಕೂತೋಳು ನಾನು."

"ಹೂಂ."

"ಹಾಗಾದ್ರೆ ಆ ಇಳಿದಿರೋ ಅಂಕ ನನ್ನದು. ರಕ್ತಾನೂ ನನ್ನದೇ. ತಾಳೆ ಆಯ್ತು." ಅವಳು ತಂಗಿಯ ಕಡೆ ತಿರುಗಿದಳು. "ನಿನ್ನದು?"

"ಚೆನ್ನಾಗಿದೆಯಂತೆ ಅಕ್ಕಾ."

"ಸದ್ಯ," ಎಂದಳು ಅಕ್ಕ, ಮನಸಾರೆ. ಆ ಒಂದು ಮಾತಿಗೆ ಪುಟ್ಟಿಯ ಕಣ್ಣು ತುಂಬಿ ಹರಿಯಿತು. "ಅಳ್ಬೇಡ್ವೇ. ಬೀಜ ಒಂದೇ ಅಂದಿದ್ರಲ್ಲ. ನಿನ್ನನ್ನ ಆ ಓವನ್ನು, ಆ ಹರಟೆನೇ ಕಾಪಾಡ್ತೋ ಏನೋ."

"ಡಾಕ್ಟ್ರು ಹಾಗೆ ಖಂಡಿತ ಹೇಳೋಕಾಗಲ್ಲ ಅಂತಾರೆ. ಆದ್ರೂ ನಾಳೆಯಿಂದ ನೀನು ಬೇಕರಿಗೆ ಬಾ. ಕಿವಿಗೆ ಯಂತ್ರ ಹಾಕ್ಕೊಂಡು ಬಾ. ಗಲ್ಲಾದ ಮೇಲೆ ಕೂತ್ಕೋ."

"ಚಿಲ್ಲರೆ ತಪ್ಪು ಕೊಟ್ರೆ?"

"ನಾನು ಇಷ್ಟು ವರ್ಷ ಕೊಟ್ಟಿಲ್ವಾ?"

ಅಕ್ಕ ನಕ್ಕಳು, ಒಂದು ಕಣ್ಣು ಸಣ್ಣದಾಯಿತು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು. "ನಡಿ, ಡಾಕ್ಟ್ರಿಗೆ ನಾನೇ ಹೇಳ್ತೀನಿ. ದೊಡ್ಡೋಳು ನಾನು."

ಬಾಗಿಲಿನ ಹಿಡಿಗೆ ಕೈ ಹಾಕಿದವಳು ನಿಂತಳು. ತಿರುಗಿ, ಕೈಕಟ್ಟಿಕೊಂಡು, ತಂಗಿಯ ಮುಂದೆ ನೆಟ್ಟಗೆ ನಿಂತಳು.

"ಒಂದ್ಸಲ ಒಪ್ಪಿಸ್ತೀನಿ, ತಪ್ಪಿದ್ರೆ ತಿದ್ದು," ಎಂದಳು. "ಅವತ್ತು ರಕ್ತ ಕೊಟ್ವಿ. ನೀನು ಅತ್ತೆ. ಬಾತ್‌ರೂಮಿಗೆ ಹೋದ್ವಿ. ಸ್ವೆಟರ್ ಬದಲಾಯಿಸಿದ್ವಿ. ಆಮೇಲೆ..."

ಅಲ್ಲಿ ಎಡವಿದಳು. ಪುಟ್ಟಿ ಅವಸರ ಮಾಡಲಿಲ್ಲ. ಹದಿಮೂರರ ಮಗ್ಗಿಯ ಹತ್ತಿರ ಅಕ್ಕ ಎಷ್ಟು ತಾಳ್ಮೆಯಿಂದ ಕಾಯುತ್ತಿದ್ದಳೋ ಅಷ್ಟೇ ತಾಳ್ಮೆಯಿಂದ ಕಾದಳು.

"ಕಾರ್ಡು," ಎಂದಳು ಪುಟ್ಟಿ ಕೊನೆಗೆ.

"ಹೂಂ, ಕಾರ್ಡು," ಎಂದಳು ಅಕ್ಕ. "ಮೊದಲಿಂದ ಹೇಳ್ತೀನಿ, ಕೇಳು."