ಬಾವುಟದ ಬೆನ್ನು

ದರ್ಜಿ ಎಸುಮನ್‌ನ ಶವದ ಕಿವಿಯ ಹತ್ತಿರ ಬಾಗಿದ್ದ ಆರಬಾ ಏನೂ ಹೇಳದೆ ಎದ್ದುಬಿಟ್ಟಳು.

"ಯಾಕೇ?" ಸಾಲಿನಲ್ಲಿ ಹಿಂದಿದ್ದ ಮುದುಕಿ ಕೇಳಿದಳು. "ತೀರಿಹೋದ ನಿನ್ನ ಗಂಡನಿಗೆ ಏನಾದ್ರೂ ಹೇಳಿಕಳಿಸು. ಹೋಗೋರ ಹತ್ರ ತಾನೇ ಹೇಳಿಕಳಿಸೋದು."

"ಅವರನ್ನ ಹಿಡ್ಕೊಟ್ಟವನ ಕೈಲೇ ಹೇಳಿಕಳಿಸ್ಲಾ?"

ಅನೊಮಾಬು ಊರಿಗೆ ಈ ಮಾತು ಹೊಸದಲ್ಲ. ಮೂವತ್ತು ವರ್ಷದಿಂದ ದರ್ಜಿ ಎಸುಮನ್ ಮೀನುಪೇಟೆಯಲ್ಲಿ ಕಂಡಾಗಲೆಲ್ಲ ಆರಬಾ ನೆಲಕ್ಕೆ ಉಗಿಯುತ್ತಿದ್ದಳು. ಅವನು ತಲೆ ತಗ್ಗಿಸಿ ಹೋಗುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು ಅದು.

*

ಸ್ವಾತಂತ್ರ್ಯ ಬಂದಾಗ ಘಾನಾದ ಬಾವುಟದಲ್ಲಿ ಕೆಂಪು ಎಂದರೆ ಹೋರಾಡಿದವರ ನೆತ್ತರು, ಹಳದಿ ನೆಲದ ಚಿನ್ನ, ಹಸಿರು ಕಾಡು. ನಡುವೆ ಕಪ್ಪು ನಕ್ಷತ್ರ. ಆಮೇಲೆ ಹಳದಿ ಹೋಗಿ ಆಳುವ ಪಕ್ಷದ ಬಿಳಿ ಬಂತು. ಎರಡು ವರ್ಷಕ್ಕೆ ಸಿಪಾಯಿಗಳು ಆ ಪಕ್ಷವನ್ನು ಕೆಳಗಿಳಿಸಿ, ಮತ್ತೆ ಹಳದಿಯೇ ಆಗಬೇಕೆಂದರು.

ಆರಬಾಳ ಗಂಡ ಬೆಂಟಿಲ್ ಮೇಷ್ಟ್ರು, ಆ ಪಕ್ಷದವನು ಬೇರೆ. ಶಾಲೆಯ ಬಾವುಟಕ್ಕೆ ಎಸುಮನ್ ಹತ್ತಿರ ಹಳದಿ ಹೊಲಿಸಿ, ಅವಸರದಲ್ಲಿ ಏರಿಸಿದ. ಮಧ್ಯಾಹ್ನಕ್ಕೆ ಸಿಪಾಯಿಗಳು ಅವನನ್ನು ಎಳೆದುಕೊಂಡು ಹೋದರು. ಬಾವುಟದಲ್ಲಿ ಇನ್ನೂ ಬಿಳಿಯನ್ನೇ ಇಟ್ಟುಕೊಂಡಿದ್ದಾನೆಂಬುದು ಅವರ ಆರೋಪ. ಹಳದಿ ಹಾರಿದ್ದನ್ನು ಆರಬಾ ಮನೆಯಂಗಳದಿಂದ ಕಣ್ಣಾರೆ ಕಂಡಿದ್ದಳು. ಹಾಗಾದರೆ ದರ್ಜಿಯಲ್ಲದೆ ಇನ್ಯಾರು ಚಾಡಿ ಹೇಳಬೇಕು? ಮೇಷ್ಟ್ರು ಸೆರೆಯಲ್ಲೇ ಸತ್ತ.

*

ಶವದ ಕಾಲಿಗೆ ಹಳೆಯ ಬಾವುಟವೊಂದನ್ನು ಹೊದಿಸಿದ್ದರು. ಆರಬಾ ಅದರ ಅಂಚು ಹಿಡಿದಳು.

"ಮುಟ್ಬೇಡಿ ಅಕ್ಕಾ," ಎಂದಳು ಎಸುಮನ್‌ನ ಹೆಂಡತಿ ಅಜೋವಾ.

ಬೇಡವೆಂದ ಮೇಲೆ ಬಿಡುವವಳೇ? ಮಗುಚಿದಳು. ಮುಂದೆ ಹಳದಿ ಇದ್ದ ಪಟ್ಟಿ ಹಿಂದೆ ಬಿಳಿ.

"ಏನಿದು?"

ಅಜೋವಾ ಗಂಡನ ಕಾಲ ಬಳಿ ಕುಳಿತಳು. "ಆ ವಾರ ಹಳದಿ ಬಟ್ಟೆ ಎಲ್ಲೂ ಸಿಗ್ಲಿಲ್ಲ. ಇದ್ದ ತುಂಡನ್ನ ಇವರು ಎರಡು ಬಾವುಟಕ್ಕೆ ಹಂಚಿದ್ರು, ಶಾಲೇದಕ್ಕೆ, ಇದಕ್ಕೆ, ಹಳೇ ಬಿಳಿ ಪಟ್ಟಿಯ ಒಂದೊಂದೇ ಮಗ್ಗುಲಿಗೆ. ಬೆನ್ನು ಯಾರು ನೋಡ್ತಾರೆ ಅಂದ್ಕೊಂಡ್ರು. ಮೇಷ್ಟ್ರೂ ನೋಡ್ಲಿಲ್ಲ. ಕಡಲ ಗಾಳಿಗೆ ನಿಮ್ಮನೆ ಕಡೆ ಹಳದಿ, ರಸ್ತೆ ಕಡೆ ಬಿಳಿ."

"ಮೂವತ್ತು ವರ್ಷ ಉಗಿಸ್ಕೊಂಡನಲ್ಲ, ಬಾಯಿ ಇರ್ಲಿಲ್ವಾ?"

"ನಾನೂ ಬೈದೆ. 'ಚಾಡಿಕೋರ ಅನ್ಲಿ ಬಿಡು, ಅದು ಸುಳ್ಳು, ತಡ್ಕೋತೀನಿ. ಬಾವುಟದ್ದು ನಿಜ, ಅದನ್ನ ತಡ್ಕೊಳ್ಳೋಕಾಗಲ್ಲ' ಅಂದ್ರು."

ಆರಬಾಳಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಕುಲದ ಹಿರಿಯ ಹೊತ್ತಾಯಿತೆಂದು ಕೆಮ್ಮಿದ. ಅವಳು ಮತ್ತೆ ಶವದ ಕಿವಿಗೆ ಬಾಗಿದಳು.

"ಎಸುಮನ್, ಮೊದಲು ನಮ್ಮವರಿಗೆ ನಿನ್ನ ಮಾತು ನೀನೇ ಹೇಳ್ಕೋ. ಅವರು ಸಿಟ್ಟಾದ್ರೆ, ಆರಬಾನೇ ಕಳಿಸಿದ್ಲು ಅನ್ನು."

ಮಗುಚಿದ್ದ ಬಾವುಟವನ್ನು ಹಾಗೆಯೇ, ಬಿಳಿ ಮೇಲಾಗಿ, ಅವನ ಎದೆಯವರೆಗೆ ಎಳೆದು, ಅವನ ಎರಡೂ ಕೈಗಳನ್ನು ಅದರ ಮೇಲೆ ಇಟ್ಟಳು.