ಕಾಳು ಮುಟ್ಟದ ಗಿಳಿ

ಬನಶಂಕರಿ ದೇವಸ್ಥಾನದ ಮುಂದೆ ಮಂಗಳವಾರ, ಶುಕ್ರವಾರಗಳಂದು ಗಿಳಿಶಾಸ್ತ್ರ ಹೇಳುತ್ತಿದ್ದ ತಿಮ್ಮರಾಯಪ್ಪನ ಗಿಳಿ ೧೯೬೧ರ ಸಂಕ್ರಾಂತಿ ಕಳೆದ ಮೇಲೆ ಸತ್ತುಹೋಯಿತು. ಹದಿಮೂರು ವರ್ಷ ಅವನಿಗಾಗಿ ಚೀಟಿ ಎಳೆದಿದ್ದ ಗಿಳಿ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಎಡಗಾಲು ಹುಟ್ಟಿನಿಂದಲೇ ಸೊಟ್ಟ, ಹೊಲದ ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ಕತ್ರಿಗುಪ್ಪೆಯ ಗುಡಿಸಲಲ್ಲಿ ಹೆಂಡತಿ ಅಮ್ಮಣ್ಣಿ ಹೂ ಕಟ್ಟಿ ಮಾರಿ ತಂದದ್ದರಲ್ಲೇ ಒಂದು ತಿಂಗಳು ದೂಡಿದರು.

ಆಗ ಕೊಡಗಿನಿಂದ ಕಿತ್ತಳೆ ತರುವ ಲಾರಿ ಡ್ರೈವರ್ ಕೊಟ್ರಪ್ಪ ಬುಟ್ಟಿಯಲ್ಲಿ ಒಂದು ಹಕ್ಕಿ ತಂದುಕೊಟ್ಟ. ಗುಬ್ಬಚ್ಚಿಯಷ್ಟೇ ಗಾತ್ರ. ಮೈಯೆಲ್ಲ ಎಳೆಹಸಿರು, ಬೆನ್ನಿನ ಕೆಳಗೆ ಕಡುಕೆಂಪು, ಮೊಂಡು ಬಾಲ.

"ಮರಿನೇನೋ ಇದು?"

"ದೊಡ್ಡದೇ ಕಣಣ್ಣ, ಬೆಳೆಯೋದೇ ಇಷ್ಟು. ಚಿಟ್ಟುಗಿಳಿ ಅಂತಾರೆ. ಘಟ್ಟದ ಕಾಡಲ್ಲಿರ್ತದೆ, ಅಂಟು ಹಾಕಿ ಹಿಡಿದವ್ರೆ."

ಕೊಕ್ಕು ಗಿಳಿಯದೇ ಆಗಿತ್ತು. ತಿಮ್ಮರಾಯಪ್ಪನಿಗೆ ಅಷ್ಟು ಸಾಕಾಯಿತು. ರೆಕ್ಕೆ ಕತ್ತರಿಸಿ ಪಂಜರಕ್ಕೆ ಬಿಟ್ಟ. ಅಪ್ಪ ಹೇಳಿಕೊಟ್ಟಿದ್ದ ದಾರಿ ಒಂದೇ: ಹಕ್ಕಿಯನ್ನು ಹಸಿವಿನಲ್ಲಿಡಬೇಕು, ಚೀಟಿ ಎಳೆದಾಗ ಮಾತ್ರ ಒಂದು ಕಾಳು ಭತ್ತ ಕೊಡಬೇಕು.

ಹಕ್ಕಿ ಚೀಟಿಯನ್ನು ಮುಟ್ಟಲಿಲ್ಲ, ಭತ್ತವನ್ನೂ ಮುಟ್ಟಲಿಲ್ಲ. ಕತ್ತಲಾದರೆ ಪಂಜರದ ಮೇಲ್ಕಂಬಿ ಹಿಡಿದು ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿಕೊಂಡು ನಿದ್ದೆ ಹೋಗುತ್ತಿತ್ತು. ಅವನು ಅದನ್ನು ಬಿಡಿಸಿ ನೆಟ್ಟಗೆ ಕೂರಿಸುತ್ತಿದ್ದ. ಮತ್ತೆ ಹತ್ತಿ ನೇತಾಡುತ್ತಿತ್ತು.

"ಹಠಮಾರಿ," ಎಂದ.

"ಹಸಿದೈತೆ ಕಣಯ್ಯ. ಭತ್ತ ಅದರ ಊಟ ಅಲ್ವೇನೋ," ಎಂದಳು ಅಮ್ಮಣ್ಣಿ.

"ಅಪ್ಪನ ಕಾಲದಿಂದ ಗಿಳಿ ಪಳಗಿಸ್ತಿರೋನು ನಾನು. ಸುಮ್ಕಿರು."

ಅವಳು ಸುಮ್ಮನಿರಲಿಲ್ಲ. ಅವನು ಕೆರೆ ಕಡೆ ಹೋದಾಗಲೆಲ್ಲ ಬಾಳೆಹಣ್ಣು ಕಿವುಚಿ ಬೆರಳಲ್ಲಿ ಹಿಡಿಯುತ್ತಿದ್ದಳು. ಹಕ್ಕಿ ನಾಲಿಗೆ ಚಾಚಿ ಚಾಚಿ ನೆಕ್ಕುತ್ತಿತ್ತು. ಎಂಟನೆಯ ದಿನ, ಒಂದು ಸೋಮವಾರ, ಕಂಬಿಗೆ ಮೆತ್ತಿದ ಹಣ್ಣು ಅವನ ಕಣ್ಣಿಗೆ ಬಿತ್ತು.

"ನೀನೇ ಕೆಡಿಸ್ತಿದ್ದೀಯ! ಹೊಟ್ಟೆ ತುಂಬಿದ್ರೆ ಯಾವ ಹಕ್ಕಿ ಚೀಟಿ ಎಳೀತದೆ?" ಎಂದು ಕೂಗಾಡಿದ. ಅಲ್ಲಿಂದಾಚೆ ಪಂಜರವನ್ನು ತನ್ನ ಕೈಯಿಂದ ಇಳಿಸಲಿಲ್ಲ. ಮಲಗುವಾಗಲೂ ತಲೆಯ ಬಳಿ ಇಟ್ಟುಕೊಂಡ.

ಮರುದಿನ ಧೈರ್ಯ ಮಾಡಿ ದೇವಸ್ಥಾನದ ಮುಂದೆ ಕೂತ. ಸುಬ್ರಹ್ಮಣ್ಯಪುರದಿಂದ ಬಂದ ಒಬ್ಬ ಹೆಂಗಸು, ಆಸ್ಪತ್ರೆಯಲ್ಲಿರುವ ಗಂಡ ಉಳಿಯುತ್ತಾನಾ ಎಂದು ಕೇಳಿದಳು. ಅವನು ಪಂಜರದ ಬಾಗಿಲೆತ್ತಿದ. ಹಕ್ಕಿ ತಡವರಿಸುತ್ತ ಹೊರಗೆ ಬಂತು, ಚೀಟಿಗಳನ್ನು ತುಳಿದುಕೊಂಡು ದಾಟಿತು, ಚೀಟಿ ಜೋಡಿಸಿದ್ದ ಪೆಟ್ಟಿಗೆಯ ಅಂಚು ಕಚ್ಚಿ ಹಿಡಿದು ತಲೆಕೆಳಗಾಗಿ ಜೋತುಬಿದ್ದು ಕಣ್ಣು ಮುಚ್ಚಿತು. ಸುತ್ತ ನಿಂತವರು ನಕ್ಕರು. ಆ ಹೆಂಗಸು ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಹೊರಟುಹೋದಳು. "ನಿಂತ್ಕೊಳ್ಳವ್ವಾ, ಅದು ಶಕುನ ಅಲ್ಲ!" ಎಂದು ಇವನು ಕುಂಟುತ್ತ ಹಿಂದೆ ಹೋದರೂ ಅವಳು ತಿರುಗಲಿಲ್ಲ.

ಬುಧವಾರ ಜಯನಗರದ ಹೊಸ ಮನೆಗಳ ಬೀದಿಯಲ್ಲಿ ಪಂಜರ ಹಿಡಿದು ಹೋಗುತ್ತಿದ್ದಾಗ ಜಗುಲಿಯಿಂದ ಒಬ್ಬರು ಕೂಗಿ ಕರೆದರು. ಅನಂತಪದ್ಮನಾಭಯ್ಯ, ಅರಣ್ಯ ಇಲಾಖೆಯಲ್ಲಿ ರೇಂಜರಾಗಿದ್ದು ನಿವೃತ್ತರಾದವರು. ಪಂಜರದೊಳಗೆ ನೋಡಿ ಅವರ ಮುಖ ಬಿಗಿಯಿತು.

"ಏನ್ ಹಾಕ್ತಿದ್ದೀಯಯ್ಯಾ ಇದಕ್ಕೆ?"

"ಭತ್ತ, ಸ್ವಾಮಿ. ತಿನ್ನಾಕಿಲ್ಲ."

"ಹೇಗ್ ತಿನ್ನುತ್ತೆ? ಹೂವಿನ ರಸ, ಹಣ್ಣು, ಅದರಲ್ಲೇ ಬದುಕೋ ಜೀವ ಇದು. ಮಲಗೋದೂ ಹಾಗೇ, ನೇತಾಡ್ಕೊಂಡೇ. ಹಸಿವಿನಿಂದ ಸಾಯ್ತಾ ಇದೆ ಕಣಯ್ಯಾ!"

ಒಳಗೆ ಓಡಿಹೋಗಿ ಜೇನುತುಪ್ಪವನ್ನು ನೀರಲ್ಲಿ ಕಲಸಿ ತಂದರು. ತಿಮ್ಮರಾಯಪ್ಪ ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡ. ತೂಕವೇ ಇರಲಿಲ್ಲ. ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ಕೊಕ್ಕಿಗೆ ಸವರಿದರೂ ನಾಲಿಗೆ ಹೊರಗೆ ಬರಲಿಲ್ಲ. ಬೆರಳನ್ನು ಒಮ್ಮೆ ಬಿಗಿಯಾಗಿ ಹಿಡಿದ ಕಾಲು ಹಾಗೇ ಉಳಿಯಿತು. ಅವನು ಒಂದೊಂದೇ ಉಗುರು ಬಿಡಿಸಿ, ಸತ್ತ ಹಕ್ಕಿಯನ್ನು ಪಂಜರದೊಳಗೆ ಮಲಗಿಸಿದ.

ಗುಡಿಸಲಿಗೆ ಬಂದು ಒಂದನ್ನೂ ಮುಚ್ಚಿಡದೆ ಹೇಳಿದ. ಅಮ್ಮಣ್ಣಿ ಕಟ್ಟುತ್ತಿದ್ದ ಕನಕಾಂಬರವನ್ನು ಕೆಳಗಿಟ್ಟಳು.

"ನಂಗೆ ಗೊತ್ತಾಗ್ಲಿಲ್ಲ ಕಣೇ."

"ಅದಕ್ಕೆ ಮಾತು ಬರಾಕಿಲ್ಲ. ನಾನು ಹೇಳಿದ್ನಲ್ಲ?"

ಆಮೇಲೆ ಅವಳು ಮುದ್ದೆ ಮಾಡಿ ಬಡಿಸಿದಳು, ನೀರು ತಂದಿಟ್ಟಳು. ಮಾತಾಡಲಿಲ್ಲ. ಮರುದಿನವೂ ಇಲ್ಲ, ಆ ವಾರವೆಲ್ಲ ಇಲ್ಲ.

ತಿಮ್ಮರಾಯಪ್ಪ ಚೀಟಿಗಳನ್ನು ಒಲೆಗೆ ಹಾಕಿದ. ಜಯನಗರದಲ್ಲಿ ಮನೆಯೊಂದಕ್ಕೆ ತಳಪಾಯ ಹಾಕುತ್ತಿದ್ದ ಕಡೆ ಹೋಗಿ ಕಲ್ಲು ಹೊರುವ ಕೆಲಸ ಕೇಳಿದ. ಮೇಸ್ತ್ರಿ ಒಂದು ದಿನ ನೋಡಿದ. ಎರಡನೆಯ ದಿನ ಮಧ್ಯಾಹ್ನ ತಿಮ್ಮರಾಯಪ್ಪ ಕಲ್ಲಿನ ಸಮೇತ ಗುಂಡಿಯ ಪಕ್ಕ ಬಿದ್ದಾಗ, "ನಾಳೆಯಿಂದ ಬರಬೇಡಪ್ಪ, ನಿನ್ ಕೈಲಾಗಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಮೈಮೇಲಿನ ಮಣ್ಣು ಕೊಡವಿಕೊಂಡು ಹೊರಟ. ಕತ್ರಿಗುಪ್ಪೆಯ ದಾರಿ ಬಂದರೂ ತಿರುಗದೆ, ರಸ್ತೆ ಬದಿಯ ಜಲ್ಲಿರಾಶಿಯ ಮೇಲೆ ಕುಳಿತ. ಸೂರ್ಯ ಮುಳುಗಿದ ಮೇಲೂ ಅಲ್ಲೇ ಕುಳಿತಿದ್ದ.